ಕರ್ಪೂರ ಯಾವ ಕೆಟಗರಿ?

ಕೆಲವರ ಮಾನ ಅಪರೂಪಕ್ಕೊಮ್ಮೆ ಹೋಗುತ್ತದೆ. ಗ್ರಂಧಿಗೆ ಅಂಗಡಿಯ ಕಂಪ್ಯೂಟರ್ ಮುಂದೆ ಕೂರುವ ನನ್ನದು ಅಂಗಡಿ ಬಾಗಿಲು ತೆಗೆದ ದಿನವೆಲ್ಲ ಹೋಗುತ್ತದೆ.

ನಮ್ಮದು ಹೊಸಕೋಟೆ ಪೇಟೆಯ ಅಂಗಡಿ. ಅರಿಶಿನ, ಕುಂಕುಮ, ದೇವರ ಪಟ, ಊಟದ ಎಲೆ, ಹೀಗೆ ನಾಮಕರಣದಿಂದ ತಿಥಿವರೆಗೆ ಬೇಕಾದದ್ದೆಲ್ಲ ಒಂದೇ ಕಡೆ ಸಿಗುತ್ತದೆ. ಯಜಮಾನರು ಬಿಲ್ಲಿಗೆಂದು ಸಾಫ್ಟ್‌ವೇರ್ ಹಾಕಿಸಿದರು. ಹಾಕಿಕೊಟ್ಟವನು, "ಎಲ್ಲಾ ಸಾಮಾನನ್ನೂ ಕೆಟಗರಿ ಮಾಡಿ ಸೇರಿಸ್ಬೇಕು ಮೇಡಂ. ಒಂದು ಸಾಮಾನಿಗೆ ಒಂದೇ ಕೆಟಗರಿ" ಎಂದು ಹೇಳಿ ಬೈಕು ಹತ್ತಿ ಹೋದ. ಬಿ.ಕಾಂ. ಮಾಡಿದವಳು, ಇಷ್ಟೂ ಆಗದೇ ಇರುತ್ತದಾ ಅಂದುಕೊಂಡೆ.

೧. ಸೋಮವಾರ ಬರುತ್ತೆ

ಮೊದಲನೇ ಕೆಟಗರಿ ಶುಭವಾಗಿರಲಿ ಎಂದು 'ದೇವರು' ಅಂತ ಮಾಡಿದೆ. ಆಮೇಲೆ ಅದನ್ನು ಮರೆತು ದೇವರ ಪಟಗಳನ್ನೆಲ್ಲ 'ಫೋಟೋ ಫ್ರೇಮ್' ಕೆಟಗರಿಗೆ ಸೇರಿಸಿಬಿಟ್ಟೆ.

ಮಾರನೇ ದಿನ ಒಬ್ಬ ತಾತ ಬಂದು ಮುನೇಶ್ವರನ ಪಟ ಕೇಳಿದರು. ಕಂಪ್ಯೂಟರ್‌ನಲ್ಲಿ 'ದೇವರು' ಒತ್ತಿದೆ, ಸೊನ್ನೆ ತೋರಿಸಿತು. ತಲೆ ಕೂಡ ಎತ್ತದೆ ಹೇಳಿದೆ: "ದೇವರು ಇಲ್ಲ ತಾತ. ಸೋಮವಾರ ಬರುತ್ತೆ."

ನನ್ನ ಬೆನ್ನ ಹಿಂದೆ ಗೋಡೆ ತುಂಬ ಪಟಗಳು. ತಾತ ಅದನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ದೇವ್ರು ಇಲ್ಲ ಅನ್ನೋರ್ನ ಬೇಕಾದಷ್ಟು ಜನನ್ನ ಕಂಡಿವ್ನಿ ಕಣವ್ವ. ಸೋಮವಾರ ಬತ್ತಾನೆ ಅನ್ನೋರ್ನ ಇವತ್ತೇ ಕಂಡಿದ್ದು."

೨. ಇತರೆ

ಪಟಗಳನ್ನು 'ದೇವರು' ಕೆಟಗರಿಗೆ ಸಾಗಿಸಿದೆ. ಹೊಸ ಮನೆಗೆ ಕಟ್ಟುವ ದೃಷ್ಟಿಗೊಂಬೆಯನ್ನೂ ಅವುಗಳ ಜೊತೆಗೇ ಸೇರಿಸಿದ್ದೆ. ಯಜಮಾನರು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು. "ಲಕ್ಷ್ಮಿ ಪಕ್ಕದಲ್ಲಿ ರಾಕ್ಷಸನ್ನ ಕೂರಿಸ್ತಾರೇನಮ್ಮಾ? ತೆಗಿ, ತೆಗಿ."

ಎಲ್ಲಿಗೆ ಹಾಕುವುದು? 'ಇತರೆ' ಅಂತ ಒಂದು ಮಾಡಿ ಅಲ್ಲಿಗೆ ಹಾಕಿದೆ. ಆಹಾ, ಎಷ್ಟು ಸುಖ! ಗೆಜ್ಜೆವಸ್ತ್ರ ಬಟ್ಟೆಯೋ ಹತ್ತಿಯೋ, ಇತರೆ. ಜೇನುತುಪ್ಪ ಅಡುಗೆಗೋ ಅಭಿಷೇಕಕ್ಕೋ, ಇತರೆ. ಯೋಚನೆ ಮಾಡಬೇಕಾದದ್ದೆಲ್ಲ ಇತರೆ.

ವಾರದ ಕೊನೆಗೆ ಯಜಮಾನರ ಮೊಬೈಲಿಗೆ ರಿಪೋರ್ಟ್ ಹೋಯಿತು. ಹೆಂಡತಿ, ಬೀಗರು ಎಲ್ಲರೆದುರು ಹೆಮ್ಮೆಯಿಂದ ತೆಗೆದು ತೋರಿಸಿದರಂತೆ. ಮಾರಾಟ ಹೆಚ್ಚುಕಮ್ಮಿ ಪೂರ್ತಿ ಒಂದೇ ಸಾಲಿನಲ್ಲಿತ್ತು. ಬೆಳಿಗ್ಗೆ ಬಂದವರು ಬೈಯಲಿಲ್ಲ, ನನಗೆ ಅದೇ ಹೆಚ್ಚು ನಾಚಿಕೆ ಆಯಿತು. ಬೋರ್ಡಿನ ಕಡೆ ಕೈ ತೋರಿಸಿ ಕೇಳಿದರು: "ನಮ್ಮಪ್ಪನ ಕಾಲದಿಂದ ನಾವು ನಡೆಸ್ಕೊಂಡು ಬಂದಿರೋದು ಇತರೆ ಅಂಗಡೀನೇನಮ್ಮಾ?"

೩. ಮತ್ತೆ ಮತ್ತೆ

ಕೊನೆಗೆ ಯಜಮಾನರೇ ಉಪಾಯ ಹೇಳಿದರು. ಸಾಮಾನು ನೋಡಬೇಡ, ಕಾರ್ಯ ನೋಡು. ಮದುವೆ, ಗೃಹಪ್ರವೇಶ, ತಿಥಿ. ಬಿಲ್ಲಿನಲ್ಲಿ ಮೊದಲು ಒತ್ತಿದ ಸಾಮಾನು ಯಾವ ಕೆಟಗರಿಯದೋ ಅದಕ್ಕೆ ತಕ್ಕ ಮೆಸೇಜು ಗಿರಾಕಿಯ ಮೊಬೈಲಿಗೆ ತಾನಾಗಿ ಹೋಗುವ ಸೌಲಭ್ಯವೂ ಇತ್ತು. ಮೆಸೇಜುಗಳನ್ನು ಯಜಮಾನರೇ ಹೇಳಿ ಬರೆಸಿದರು. ಮದುವೆಗೆ: "ನಿಮ್ಮ ಮನೆಯಲ್ಲಿ ಇಂಥ ಕಾರ್ಯಗಳು ಮತ್ತೆ ಮತ್ತೆ ನಡೆಯಲಿ." ತಿಥಿಗೆ: "ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು."

ಸಮಸ್ಯೆ ಬಂದದ್ದು ಕರ್ಪೂರದಿಂದ. ಅದು ಮದುವೆಗೂ ಬೇಕು, ತಿಥಿಗೂ ಬೇಕು, ಸೇರಿಸುವುದಕ್ಕೆ ಮಾತ್ರ ಒಂದೇ ಜಾಗ. ಮದುವೆಗೆ ಸೇರಿಸಿದೆ.

ಸಮೇತನಹಳ್ಳಿ ಕಡೆಯವರೊಬ್ಬರು ಚೀಟಿ ಕೊಟ್ಟು ಸಾಮಾನು ಕಟ್ಟಿಸಿಕೊಂಡು ಹೋದರು. ಚೀಟಿಯಲ್ಲಿ ಮೊದಲು ಇದ್ದದ್ದೇ ಕರ್ಪೂರ. ಎರಡು ದಿನ ಬಿಟ್ಟು ಮತ್ತೆ ಬಂದರು. ತಲೆ ಬೋಳಿಸಿಕೊಂಡಿದ್ದರು. ಮೊಬೈಲನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ಇದ್ದದ್ದು ಮದುವೆಯ ಮೆಸೇಜು.

ಅವರು ಕೂಗಾಡಲಿಲ್ಲ. "ಮತ್ತೆ ಮತ್ತೆ ಮಾಡೋಣ ಅಂದ್ರೆ, ನಂಗೆ ಇದ್ದಿದ್ದು ಒಬ್ರೇ ಅಪ್ಪ ಕಣಮ್ಮ" ಅಂದರು.

೪. ಭಾಗಿಗಳು

ಅವತ್ತೇ, ಸಾವಿನ ಮನೆಯವರನ್ನು ಇನ್ನೊಮ್ಮೆ ನೋಯಿಸಬಾರದು ಎಂದು ಕರ್ಪೂರ, ಊಟದ ಎಲೆ, ಬಿಳಿ ಪಂಚೆ ಎಲ್ಲವನ್ನೂ ತಿಥಿಗೆ ಸಾಗಿಸಿದೆ. ಮದುವೆ ಮನೆಯವರು ಆ ಖುಷಿಯಲ್ಲಿ ಮೆಸೇಜು ಯಾಕೆ ಓದುತ್ತಾರೆ ಅಂದುಕೊಂಡೆ.

ಅದೇ ಸಮಯಕ್ಕೆ ನನಗೆ ಸಂಬಂಧ ಕೂಡಿಬಂದಿತ್ತು. ಜಡಿಗೇನಹಳ್ಳಿಯ ಹುಡುಗ. ಹಿಂದೆ ಒಂದು ಕಡೆ ಮಾತಾಗಿ ಮುರಿದಿದ್ದರಿಂದ ನಮ್ಮಮ್ಮ ಈ ಸಲ ಉಸಿರು ಬಿಗಿಹಿಡಿದು ಕೂತಿದ್ದಳು. ನನಗೂ ಹುಡುಗ ಇಷ್ಟವಾಗಿದ್ದ. ಭಾನುವಾರ ನಿಶ್ಚಿತಾರ್ಥ. ಗುರುವಾರ ಹುಡುಗನೂ ಅವನ ತಾಯಿಯೂ ಸಾಮಾನಿಗೆ ನಮ್ಮ ಅಂಗಡಿಗೇ ಬಂದರು. "ಸೊಸೆ ಇರೋ ಅಂಗಡಿ ಬಿಟ್ಟು ಬೇರೆ ಕಡೆ ಯಾಕೆ ಹೋಗಾನ?" ಅಂದರು ಆಯಮ್ಮ.

ನಾಚಿಕೆಯಲ್ಲಿ ನಾನು ಮುಖ ಎತ್ತಲಿಲ್ಲ. ಕೈ ಅದರ ಪಾಡಿಗೆ ಮೊದಲು ಕರ್ಪೂರ ಒತ್ತಿತು. ಬಿಲ್ಲು ಬಂತು. ಹುಡುಗನ ಜೇಬಿನಲ್ಲಿ ಟಿಣ್ ಅಂತ ಸದ್ದಾಯಿತು. ಆಗ ನೆನಪಾಯಿತು.

ಅವನು ತೆಗೆದು ಓದಿದ. ಹುಬ್ಬು ಗಂಟಾಯಿತು. ತಾಯಿ, "ಏನ್ಲಾ ಅದು? ಜೋರಾಗಿ ಓದು" ಅಂದರು. ಅವನು ಜೋರಾಗಿಯೇ ಓದಿದ.

"ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು."

ಯಜಮಾನರು ಕಲ್ಲುಸಕ್ಕರೆ ಡಬ್ಬ ಹಿಡಿದವರು ಹಾಗೇ ನಿಂತರು. ಆಯಮ್ಮ ಚೀಲವನ್ನು ಮತ್ತೆ ಕೌಂಟರ್ ಮೇಲಿಟ್ಟರು. ಮುಗಿಯಿತು, ಈ ಸಂಬಂಧವೂ ಹೋಯಿತು, ಅಮ್ಮನಿಗೆ ಯಾವ ಮುಖ ತೋರಿಸಲಿ ಅನ್ನಿಸಿತು. ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಅದು... ಕರ್ಪೂರದ ಕೆಟಗರಿ... ನಾನೇ ತಪ್ಪಾಗಿ..." ಎಂದು ತೊದಲಿದೆ.

"ಅಪಶಕುನ ಅಂತ ತಿಳ್ಕೋಬೇಡಿ ತಾಯಿ, ಹುಡುಗಿ ಬಂಗಾರ" ಎಂದು ಯಜಮಾನರು ಕೈಮುಗಿದರು.

ಆಯಮ್ಮ ಮಗನ ಕೈಯಿಂದ ಮೊಬೈಲು ಕಿತ್ತುಕೊಂಡು ಪರದೆ ನೋಡಿದರು. ನನ್ನ ಅಳುಮುಖ ನೋಡಿದರು. ಆಮೇಲೆ ಮಗನನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದರು.

"ಅಪಶಕುನ ಯಾತರದು ಬುಡಣ್ಣ. ಮೆಸೇಜು ಸರಿಯಾಗೇ ಐತೆ, ಹೋಗಿರೋ ನಂಬರ್ರೇ ತಪ್ಪು. ಇದನ್ನ ನಾವು ಈ ಹೆಣ್ಣುಮಗೀಗೆ ಕಳಿಸ್ಬೇಕಾಗಿತ್ತು. ಇವನ್ನ ಇಷ್ಟು ದಿನ ಸಾಕಿರೋಳು ನಾನು, ನಂಗೊತ್ತಿಲ್ವಾ?"