ಆಕಳಿಕೆಗೆ ಒಂದು ಚಿಟಿಕೆ

ದೆವ್ವಗಳ ವಿಷಯದಲ್ಲಿ ನನ್ನ ನಿಲುವು ಮೊದಲಿನಿಂದಲೂ ಸ್ಪಷ್ಟ. ಅವು ಇಲ್ಲ. ಹೀಗಿರುವಾಗ, ಆಕಳಿಸುವಾಗ ಬಾಯಿಯ ಮುಂದೆ ಚಿಟಿಕೆ ಹೊಡೆಯದಿದ್ದರೆ ಅವು ಒಳಗೆ ಹೊಕ್ಕುಬಿಡುತ್ತವೆ ಎಂದರೆ ನಂಬುವುದು ಹೇಗೆ? ನನ್ನ ಹೆಂಡತಿ ಕಮಲೆ ನಂಬಿದ್ದಳು. ನಾನು ಬಾಯಿ ತೆರೆದರೆ ಸಾಕು, ಅಡುಗೆಮನೆಯಿಂದಲೇ "ಚಿಟಿಕೆ!" ಎಂದು ಕೂಗುತ್ತಿದ್ದಳು. ನಾನು ಹೊಡೆಯುತ್ತಿರಲಿಲ್ಲ. ವಿದ್ಯಾವಂತ!

ಈಗ ಕಮಲೆ ಇಲ್ಲ. ಮಾತಾಡಿಸಲು ಬಂದವರೆಲ್ಲ ಅವಳ ತಾಳ್ಮೆಯನ್ನು ಹೊಗಳುತ್ತಾರೆ. ನನಗೆ ನೆನಪಾಗುವುದು ಅರವತ್ತರ ದಶಕದ ಒಂದು ಭಾನುವಾರ.

ಆಗ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಂದು ನನ್ನ ತಂಗಿ ವನಜೆಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಿಂದಿನ ಸಂಬಂಧ ತಪ್ಪಿಹೋಗಿತ್ತು. ನಮ್ಮ ವಂಶದಲ್ಲಿ ಹುಚ್ಚು ಇದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಆಧಾರವೇನೆಂದರೆ, ನಮ್ಮ ಚಿಕ್ಕಜ್ಜ ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಮಾತಾಡಿಕೊಳ್ಳುತ್ತಿದ್ದರು. ಇದೂ ತಪ್ಪಿದರೆ ಇನ್ನು ಯಾರೂ ಬರುವುದಿಲ್ಲವೆಂದು ವನಜೆ ಬೆಳಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಮಲೆ ನನಗೆ ಒಂದೇ ಕೆಲಸ ವಹಿಸಿದ್ದಳು.

"ಏನೂಂದ್ರೆ, ಇವತ್ತೊಂದಿನ ಬಾಯಿ ಮುಚ್ಕೊಂಡು ಕೂತಿರಿ. ಅಷ್ಟು ಸಾಕು."

ಅದಕ್ಕಿಂತ ಸುಲಭದ ಕೆಲಸ ಯಾವುದು? ಒಗೆದು ಮಡಿಸಿಟ್ಟಿದ್ದ ಪಂಚೆ ಉಟ್ಟು, ಕುರ್ಚಿಯಲ್ಲಿ ಕೂತು, ಆರಾಮವಾಗಿ ಆಕಳಿಸಿದೆ. ಬಾಯಿ ತೆರೆಯಿತು. ಮುಚ್ಚಲಿಲ್ಲ!

ಕಿವಿಯ ಹತ್ತಿರ ಏನೋ ಜಾರಿದಂತಾಗಿತ್ತು. ಗಲ್ಲವನ್ನು ಒತ್ತಿದೆ, ತಟ್ಟಿದೆ. ಉಹುಂ. ಓಡಿಬಂದ ಕಮಲೆಗೆ "ಆ... ಆ..." ಎಂದೆ. ಜೊಲ್ಲು ಸುರಿಯಿತು.

"ಚಿಟಿಕೆ ಹೊಡೆದ್ರಾ?"

"ಆ... ಆ..."

"ಹೊಡೀಲಿಲ್ಲ ತಾನೆ!"

ಪಕ್ಕದ ಮನೆಯ ನಂಜಮ್ಮ ಬಂದು ನನ್ನ ಬಾಯೊಳಗೆ ಇಣುಕಿದರು. ಅವರದು ಪಕ್ಕದ ಯಡಿಯೂರು ಹಳ್ಳಿಯ ಹಳೆಯ ಮನೆತನ. ಈ ಬಡಾವಣೆಯ ದೆವ್ವಗಳೆಲ್ಲ ಅವರಿಗೆ ಬಡಾವಣೆ ಆಗುವ ಮುಂಚಿನಿಂದ ಪರಿಚಯ.

"ನೆನ್ನೆ ಹುಣಸೆ ಮರದ ಕಡೆ ಹೋಗಿದ್ನಾ? ಗಾಳಿ ಮೆಟ್ಕೊಂಡೈತೆ ಕಣವ್ವ. ಒಳಗೈತೆ ನೋಡು!"

ನನ್ನ ಹಣೆಗೆ ಬೂದಿ ಬಂತು. ಕೊರಳಿಗೆ ಬೇವಿನ ಸೊಪ್ಪು ಬಂತು. ನಂಜಮ್ಮ ಪೊರಕೆ ಎತ್ತುವಷ್ಟರಲ್ಲಿ ಬೀದಿಯಲ್ಲಿ ಜಟಕಾ ನಿಂತಿತು. ಗಂಡಿನ ಕಡೆಯವರು! ನನ್ನನ್ನು ಉಗ್ರಾಣಕ್ಕೆ ತಳ್ಳಿ ಕದ ಹಾಕಿದರು.

ಹುಡುಗನ ಸೋದರಮಾವ ಕಾಫಿಯನ್ನೂ ಮೂಸಿ ನೋಡಿ ಕುಡಿಯುವ ಮನುಷ್ಯ.

"ಹುಡುಗಿ ಅಣ್ಣ ಎಲ್ಲಮ್ಮಾ?"

"ಸ್ವಲ್ಪ ಹೊರಗೆ ಹೋಗಿದಾರೆ, ರಾಯರೇ."

ಆಗಲೇ ಬೇವಿನ ಸೊಪ್ಪಿನ ಇರುವೆಯೊಂದು ನನ್ನ ಬಾಯಿಯೊಳಗೆ ಇಳಿಯಿತು. "ಆಆಆ!"

"ಏನದು?"

"ಅದು... ಪಕ್ಕದ ಮನೇಲಿ ಸಂಗೀತ ಪಾಠ."

"ಉಗ್ರಾಣದಿಂದ ಬಂತಲ್ಲ?"

ರಾಯರು ಎದ್ದು ಕದ ತೆಗೆದರು. ಮಸಾಲೆ ಡಬ್ಬಗಳ ನಡುವೆ ಬೂದಿ ಬಳಿದುಕೊಂಡು, ಸೊಪ್ಪು ತೊಟ್ಟು, ಬಾಯಿ ಕಳೆದು ನಿಂತಿದ್ದ ಭಾವೀ ಬೀಗನನ್ನು ಅಡಿಯಿಂದ ಮುಡಿಯವರೆಗೆ ಪರಿಶೀಲಿಸಿದರು. ನಾನು ಸಭ್ಯತೆಯಿಂದ ಕೈಮುಗಿದೆ. ಅದು ಇನ್ನೂ ಕೆಟ್ಟದಾಗಿ ಕಂಡಿರಬೇಕು.

"ಕೇಳಿದ್ದು ನಿಜ ಅನ್ನಿ," ಎಂದು ರಾಯರು ಟೋಪಿ ಎತ್ತಿಕೊಂಡರು. ಒಳಗೆ ವನಜೆ ಬಿಕ್ಕಿದಳು.

ಕಮಲೆ ಬಾಗಿಲಿಗೆ ಅಡ್ಡ ನಿಂತಳು. "ಕೆಟ್ಟಿರೋದು ದವಡೆ ರಾಯರೇ, ತಲೆ ಅಲ್ಲ. ನಂಬಿಕೆ ಇಲ್ದಿದ್ರೆ ಹಲ್ಲಿನ ಡಾಕ್ಟರ ಹತ್ರ ನಮ್ಮ ಜೊತೆಗೇ ಬನ್ನಿ. ನೀವೇ ನೋಡಿ."

ಅವಳೂ ಅಲ್ಲಿಯವರೆಗೆ ದೆವ್ವವನ್ನೇ ನಂಬಿದ್ದಳೆಂದು ನನ್ನ ಬಲವಾದ ಅನುಮಾನ!

ಜಟಕಾದಲ್ಲಿ ಬಸವನಗುಡಿಯವರೆಗೆ ಬಾಯಿ ತೆರೆದುಕೊಂಡೇ ಹೋದೆ. ರಾಯರು ನನ್ನಿಂದ ಆದಷ್ಟು ದೂರ ಕೂತಿದ್ದರು. ಡಾಕ್ಟರು ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಬಾಯಿಗೆ ಹಾಕಿ, ದವಡೆಯನ್ನು ಕೆಳಗೊತ್ತಿ ಹಿಂದಕ್ಕೆ ದೂಡಿದರು. ಟಕ್! ಬಾಯಿ ಮುಚ್ಚಿತು. ಡಾಕ್ಟರ ಹೆಬ್ಬೆರಳಿನ ಮೇಲೆ!

"ಕಚ್ಚಿದ! ಕಚ್ಚಿದ!" ರಾಯರು ಬಾಗಿಲಿಗೆ ಹಾರಿದರು.

"ಬಟ್ಟೆ ಸುತ್ತೋದು ಇದಕ್ಕೇ," ಎಂದು ಡಾಕ್ಟರು ನಕ್ಕರು. "ಕೀಲು ಜಾರಿತ್ತು, ಅಷ್ಟೆ. ಇನ್ಮೇಲೆ ಆಕಳಿಕೆ ಬಂದ್ರೆ ಗಲ್ಲ ಹಿಡ್ಕೊಳ್ಳಿ."

ರಾಯರ ಅನುಮಾನ ಹೋಗಲಿಲ್ಲ. "ಎಲ್ಲಿ, ಒಂದು ಮಾತಾಡಲಿ ನೋಡೋಣ."

ತಂಗಿಯ ಬಾಳು ಆ ಒಂದು ವಾಕ್ಯದ ಮೇಲೆ ನಿಂತಿತ್ತು. ಗಂಭೀರವಾದದ್ದನ್ನು ಯೋಚಿಸಿ ಬಾಯಿ ತೆರೆದೆ. ಬಂದದ್ದು ಮಾತಲ್ಲ. ಆಕಳಿಕೆ!

ಕಮಲೆ ಒಂದೇ ನೆಗೆತಕ್ಕೆ ಬಂದು, ಒಂದು ಕೈಯಲ್ಲಿ ನನ್ನ ಗಲ್ಲ ಹಿಡಿದು, ಇನ್ನೊಂದರಲ್ಲಿ ಟಪ್ ಎಂದು ಚಿಟಿಕೆ ಹೊಡೆದಳು. ಡಾಕ್ಟರಿಗೂ ಮರ್ಯಾದೆ, ದೆವ್ವಕ್ಕೂ ಮರ್ಯಾದೆ!

ರಾಯರು ಮೊದಲ ಸಲ ನಕ್ಕರು. "ಇಂಥವನನ್ನೇ ಹೀಗೆ ಸಂಭಾಳಿಸ್ತೀಯಲ್ಲಮ್ಮಾ! ನಿನ್ನ ಕೈಲಿ ಪಳಗಿದ ಹುಡುಗಿ ನಮ್ಮನೆಗೂ ಬೇಕು. ನಡೀರಿ, ಇನ್ನೊಂದು ಸಲ ಕಾಫಿ ಕುಡಿಯೋಣ."

ವನಜೆಯ ಮದುವೆಯಾಯಿತು. ಅಂದಿನಿಂದ ನನ್ನ ಪ್ರತಿ ಆಕಳಿಕೆಗೂ ಕಮಲೆಯ ಎರಡು ಕೈಗಳು ಬಂದವು. ನಾನೂ ವಿದ್ಯಾವಂತನಂತೆ ಗಲ್ಲ ಒಪ್ಪಿಸಿ ಕೂರುತ್ತಿದ್ದೆ.

ಈಗ ಎರಡೂ ಕೆಲಸ ನನ್ನದೇ. ಎಡಗೈ ಗಲ್ಲಕ್ಕೆ, ಬಲಗೈ ಚಿಟಿಕೆಗೆ. ದೆವ್ವಗಳಿಲ್ಲ, ಅದು ಬೇರೆ ಮಾತು. ಆದರೆ ಬೆರಳಿನ ಗಂಟುಗಳು ಬಿಗಿದು ಸದ್ದೇ ಬರುವುದಿಲ್ಲ. ಅದಕ್ಕೆ "ಚಿಟಿಕೆ!" ಎಂದು ಅವಳ ಹಾಗೆ ನಾನೇ ಕೂಗಿಕೊಳ್ಳುತ್ತೇನೆ. "ಹೊಡೆದೆ ಕಣೇ," ಎಂದು ಉತ್ತರವನ್ನೂ ಕೊಡುತ್ತೇನೆ.

ಮೊನ್ನೆ ಪಕ್ಕದ ಮನೆಯವರು ಕಿಟಕಿಯಿಂದ ಕೇಳಿಸಿಕೊಂಡು ವನಜೆಗೆ ಫೋನ್ ಮಾಡಿದರಂತೆ. ಅಜ್ಜ ಒಬ್ಬರೇ ಮಾತಾಡುತ್ತಿದ್ದಾರೆ ಎಂದು.

ರಾಯರಿಗೆ ಬಂದಿದ್ದ ಅನುಮಾನ ಕೊನೆಗೂ ನಿಜವಾಯಿತು!