ನರೇಶನಿಗೆ ಸಿಕ್ಕ ಸರ್ಕಾರಿ ನಿದ್ದೆ

ನಾಗಪತಿಯ ಹೊಸ ಅಂಗಿಯ ಜೇಬು ಬೆನ್ನಿನ ಮೇಲೆ ಕೂತಿತ್ತು. ಹಳದೀಪುರದ ದರ್ಜಿ ನರೇಶ ಅದನ್ನು ಹೊಲಿದು ಕೊಟ್ಟದ್ದೇ ಹಾಗೆ. ಭಾನುವಾರ ಬೆಳಿಗ್ಗೆ ಅಂಗಿಯನ್ನು ಎತ್ತಿ ಹಿಡಿದುಕೊಂಡು ನಾಗಪತಿ ಅಂಗಡಿಯ ಮೆಟ್ಟಿಲ ಮೇಲೆ ಪ್ರತ್ಯಕ್ಷನಾದ.

“ಎಂತದಾ ಇದು? ಪೆನ್ನು ತೆಗೀಬೇಕಾದ್ರೆ ನಾನು ಹೆಂಡ್ತಿನ ಕರೀಬೇಕಾ?”

ನರೇಶ ಕೆಂಪು ಕಣ್ಣು ಕಿರಿದು ಮಾಡಿ ನೋಡಿದ. “ಹೊಲಿಯುವಾಗ ಸರಿಯಾಗೇ ಇತ್ತು ಮಾರಾಯಾ.”

ಪಾಪ, ಅವನಾದರೂ ಏನು ಮಾಡಿಯಾನು! ಎಂಟು ತಿಂಗಳಿಂದ ಒಂದು ರಾತ್ರಿಯೂ ಅವನು ನೆಟ್ಟಗೆ ಮಲಗಿರಲಿಲ್ಲ. ಹೆಂಡತಿಯ ಅಪ್ಪ ಕುಪ್ಪಯ್ಯನವರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಹೆಂಡತಿ ಚಂದನಾ ಕುಮಟಾದಲ್ಲಿ ಕೆಲಸ ಮುಗಿಸಿ ಬಂದು ಅಪ್ಪನ ಸ್ನಾನ, ಊಟ ನೋಡುತ್ತಿದ್ದಳು. ರಾತ್ರಿಯ ಪಾಳಿ ನರೇಶನದು. ಕುಪ್ಪಯ್ಯನವರೋ ಭಟ್ಕಳ–ಕುಮಟಾ ಬಸ್ಸಿನಲ್ಲಿ ಕಂಡಕ್ಟರಾಗಿ ಆಯುಸ್ಸು ಕಳೆದವರು. ಮೈ ಹಾಸಿಗೆಯಲ್ಲಿದ್ದರೂ ಮನಸ್ಸು ಬಸ್ಸಿನಿಂದ ಇಳಿದಿರಲಿಲ್ಲ. ಕತ್ತಲಾಯಿತೋ, ಬಸ್ಸು ಹೊರಟಿತು. “ಮಾವಳ್ಳಿ! ಇಳಿಯವ್ರು ಬನ್ನಿ!” ಎಂದರೆ ನೀರು ಕುಡಿಸಬೇಕು. ಹೊನ್ನಾವರ ಬಂದರೆ ಉಚ್ಚೆಯ ಡಬ್ಬ ಹಿಡಿಯಬೇಕು. ಹಳದೀಪುರಕ್ಕೆ ಮಗ್ಗುಲು ಬದಲಿಸಬೇಕು. ಕುಮಟಾ ಮುಟ್ಟಿತಲ್ಲ, ಇನ್ನು ಮಲಗೋಣ ಎನ್ನುವಷ್ಟರಲ್ಲಿ ಬಸ್ಸು ತಿರುಗಿ ಭಟ್ಕಳದ ದಾರಿ ಹಿಡಿಯುತ್ತಿತ್ತು.

ಮಾವನ ಮೇಲೆ ನರೇಶನಿಗೆ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. ಆದರೆ ಒಂದು ರಾತ್ರಿ, ಒಂದೇ ಒಂದು ರಾತ್ರಿ, ಕಾಲು ಚಾಚಿ ಬೆಳಗಿನವರೆಗೆ ನಿದ್ದೆ ಮಾಡಬೇಕು! ದೇವರೇ ಎದುರು ಬಂದು ವರ ಕೇಳು ಎಂದಿದ್ದರೂ ಅವನು ತಲೆದಿಂಬು ಕೇಳುತ್ತಿದ್ದ.

“ಅಂಗಿ ಸಾಯ್ಲಿ” ಎಂದ ನಾಗಪತಿ. ಊರಿನವರ ಕಷ್ಟ ಬಿಡಿಸುವುದೆಂದರೆ ಅವನಿಗೆ ಹಬ್ಬದೂಟವಿದ್ದಂತೆ. “ಇವತ್ತು ಹೊನ್ನಾವರದಲ್ಲಿ ಸರ್ಕಾರದ ತರಬೇತಿ ಉಂಟು. ಮನೇಲಿ ರೋಗಿನ ನೋಡ್ಕಳೋರಿಗೆ. ಒಂದಿನ ಕಲ್ತ್ರೆ ತಿಂಗಳಿಗೊಂದು ರಾತ್ರಿ ನಿಮ್ಮನೆಗೆ ಆಳು ಕಳಿಸ್ತಾರಂತೆ, ಸರ್ಕಾರದ ಖರ್ಚಲ್ಲಿ. ಅವ್ರು ಎದ್ದಿರುದು, ನೀನು ಮಲಗುದು. ಹತ್ತು ನನ್ನ ಸ್ಕೂಟರು!”

ಮಾವನನ್ನು ಚಂದನಾಳಿಗೆ ಒಪ್ಪಿಸಿ ನರೇಶ ಹತ್ತಿಯೇ ಬಿಟ್ಟ.

ಸಭಾಭವನದಲ್ಲಿ ಎರಡು ಬಗೆಯ ಜನರಿದ್ದರು. ಒಂದು, ನರೇಶನಂಥ ಮನೆಯವರು. ಇನ್ನೊಂದು, ಇದನ್ನೇ ಉದ್ಯೋಗ ಮಾಡಿಕೊಳ್ಳಲು ಬಂದ ಹುಡುಗಿಯರು. ಅವರಲ್ಲಿ ಹಳದೀಪುರದ ದೀಪಿಕಾಳೂ ಇದ್ದಳು. ಕಲಿಸುವವರು ಸುಮತಿ ಮೇಡಂ, ಹಳೆಯ ನರ್ಸು. ನಡುವೆ ಹೊಚ್ಚ ಹೊಸ ಮಂಚ, ಮೆತ್ತನೆಯ ಹಾಸಿಗೆ. ಮಲಗಿಸಿ ತೋರಿಸುವ ಗೊಂಬೆ ಮಾತ್ರ ಇರಲಿಲ್ಲ.

“ಮಂಚದ ಅನುದಾನ ಬಂತು. ಗೊಂಬೆದು ಮುಂದಿನ ಕಂತಲ್ಲಂತೆ” ಎಂದು ಮೇಡಂ ನಿಟ್ಟುಸಿರು ಬಿಟ್ಟರು. “ಯಾರಾದ್ರೂ ಸ್ವಲ್ಪ ಮಲಗ್ತೀರಾ?”

“ನಮ್ಮ ನರೇಶ ಮಲಗ್ತಾನೆ!” ಎಂದು ಹಿಂದಿನಿಂದ ನಾಗಪತಿ ಕೂಗಿದ.

“ಬ್ಯಾಡ ಮಾರಾಯಾ, ನಾನು ಕಲೀಲಿಕ್ಕೆ ಬಂದದ್ದು” ಎನ್ನುತ್ತಲೇ ನರೇಶ ಹಾಸಿಗೆಗೆ ಬೆನ್ನು ತಾಗಿಸಿದ. ಅಷ್ಟೇ ಅವನಿಗೆ ನೆನಪಿರುವುದು.

ಆಮೇಲೆ ಶರಾವತಿಯ ಮೇಲೆ ಒಂದು ಬಸ್ಸು ತೇಲತೊಡಗಿತು. ಅದಕ್ಕೆ ಚಕ್ರವಿರಲಿಲ್ಲ, ಗಂಟೆ ಇರಲಿಲ್ಲ, ನಿಲ್ದಾಣವೂ ಇರಲಿಲ್ಲ. ನರೇಶ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿದ್ದ. ಯಾರೋ ಬಂದು ಅವನನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದರು, ಆಮೇಲೆ ಬಲಕ್ಕೆ. ಬಿಸಿನೀರಿನ ಬಟ್ಟೆಯಿಂದ ಕೈಕಾಲು ಒರೆಸಿದರು. ತುಟಿಗೆ ಗಂಜಿ ತಾಗಿತು, ನುಂಗಿದ. “ತಲೆ ಎತ್ತಿ ಹಿಡೀರಿ, ನೆತ್ತಿಗೆ ಹೋದೀತು” ಎಂದು ಯಾವುದೋ ದೂರದ ದಡದಲ್ಲಿ ಸುಮತಿ ಮೇಡಮ್ಮಿನ ದನಿ ಕೇಳಿಸಿತು. ತೆಂಗಿನ ಗರಿಗಳ ನೆರಳು ಮುಖದ ಮೇಲೆ ಸರಿದುಹೋಗುತ್ತಿತ್ತು. ಟಿಕೆಟ್ ಕೇಳುವವರು ಯಾರೂ ಇರಲಿಲ್ಲ. ಅಬ್ಬಾ, ಎಂಥ ಸುಖ!

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಸಂಜೆಯ ಬಿಸಿಲಿತ್ತು. ಪರೀಕ್ಷೆಯೂ ಮುಗಿದಿತ್ತು.

“ನೀವು ಎಂತ ಕಲ್ತ್ರಿ?” ಎಂದು ಸುಮತಿ ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. “ಇಡೀ ದಿನ ಗೊರಕೆ! ತರಬೇತಿ ಮುಗಿಸಿದವರಿಗೆ ಮಾತ್ರ ಆಳು.”

ನರೇಶ ಮಂಚದಿಂದ ದಡಬಡಿಸಿ ಎದ್ದ. ಬಾಯಿಗೆ ಬಂದ ತುತ್ತು ಜಾರುತ್ತಿದೆಯಲ್ಲ! ಆಗ ನಾಗಪತಿ ಮುಂದೆ ಬಂದ. “ಇವನ ಮೈಮೇಲೆ ಕಲ್ತವರೆಲ್ಲ ಪಾಸು, ಇವನೊಬ್ಬ ನಪಾಸಾ? ಇದ್ಯಾವ ನ್ಯಾಯ ಮೇಡಂ?”

“ಹೌದು ಮೇಡಂ, ಇಷ್ಟು ಒಳ್ಳೆ ರೋಗಿ ಸಿಗುದಿಲ್ಲ” ಎಂದು ಹುಡುಗಿಯರೂ ದನಿಗೂಡಿಸಿದರು. ಮೇಡಮ್ಮಿಗೆ ನಗು ತಡೆಯಲಾಗಲಿಲ್ಲ. “ಆತು, ಆತು. ದೀಪಿಕಾ, ನಿಂಗೆ ಒಂದು ರಾತ್ರಿ ಮನೆಯಲ್ಲಿ ಕೆಲಸ ಮಾಡಿ ತೋರಿಸುದು ಬಾಕಿ ಉಂಟಲ್ಲ. ಇವತ್ತೇ ಇವರ ಮನೆಗೆ ಹೋಗು.”

ರಾತ್ರಿಯ ಊಟದ ಹೊತ್ತಿಗೆ ದೀಪಿಕಾ ಬಂದಳು. ಸರ್ಕಾರದ ಆಳು ಹೇಗಿರುತ್ತದೆಂದು ನೋಡಲು ಕೇರಿಯವರೂ ಬಂದು, ಚಹಾ ಕುಡಿದು, ಸಲಹೆ ಕೊಟ್ಟು ಹೋದರು. ನರೇಶ ಒಳಗಿನ ಕೋಣೆಯಲ್ಲಿ ಹೊಸ ಚಾದರ ಹಾಸಿ, ದೀಪ ಆರಿಸಿ, ಕಣ್ಣು ಮುಚ್ಚಿದ.

ನಿದ್ದೆ ಬರಲಿಲ್ಲ.

ಬರುವುದಾದರೂ ಎಲ್ಲಿಂದ? ಇದ್ದಬದ್ದ ನಿದ್ದೆಯನ್ನೆಲ್ಲ ಅವನು ಹಗಲೇ ಖರ್ಚು ಮಾಡಿದ್ದ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ಪಕ್ಕದಲ್ಲಿ ಚಂದನಾ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಹೊರಗಿನ ಕೋಣೆಯಿಂದ ಬಸ್ಸು ನಿಲ್ಲಿಸುವ ಮಾವನ ಒಂದು “ಹೋಲ್ಡಾನ್” ಕೂಡ ಕೇಳಿಸದಿದ್ದಾಗ ಅವನು ಗಾಬರಿಯಾಗಿ ಎದ್ದು ಹೋದ.

ದೀಪಿಕಾ ಕುರ್ಚಿಯಲ್ಲೇ ತಲೆ ವಾಲಿಸಿ ನಿದ್ದೆ ಹೋಗಿದ್ದಳು. ದಿನವಿಡೀ ನರೇಶನ ಭಾರದ ಮೈಯನ್ನು ಎತ್ತಿ, ಹೊರಳಿಸಿ, ಕೂರಿಸಿ ಅವಳ ರಟ್ಟೆ ಸೋತುಹೋಗಿತ್ತು. ಕುಪ್ಪಯ್ಯನವರು ತುಟಿಗೆ ಬೆರಳಿಟ್ಟರು.

“ಶ್! ಪ್ಯಾಸೆಂಜರ್ ಮಲಗೀದು. ಪಾಪ, ದಣಿದು ಬಂದೀದು. ಇವತ್ತು ಎಲ್ಲೂ ನಿಲ್ಸುದು ಬ್ಯಾಡ ಅಳಿಯಾ, ಕೂಗುದೂ ಬ್ಯಾಡ” ಎಂದು ಪಿಸುಗುಟ್ಟಿ, ತಾವೂ ಕಣ್ಣು ಮುಚ್ಚಿದರು. ಅರೆಕ್ಷಣದಲ್ಲಿ ನಿದ್ದೆ ಹೋದರು. ಎಂಟು ತಿಂಗಳಲ್ಲೇ ಮೊದಲ ಸಲ!

ಮನೆಗೆ ಮನೆಯೇ ಮಲಗಿತ್ತು. ನರೇಶ ದೀಪಿಕಾಳಿಗೆ ಹೊದಿಕೆ ಹೊದಿಸಿ, ಬಾಗಿಲಲ್ಲಿ ಕೂತು ಕಡಲಿನ ಸದ್ದು ಕೇಳಿದ. ಬೆಳಗಾಗುವವರೆಗೂ ಕೇಳಿದ.

ಬೆಳಿಗ್ಗೆ ದೀಪಿಕಾ ಎಚ್ಚೆತ್ತು ಅಳುವುದೊಂದು ಬಾಕಿ. “ಅಣ್ಣಾ, ನಾನು ಮಲಗಿದ್ದೆ ಅಂತ ಗೊತ್ತಾದ್ರೆ ಕೆಲ್ಸ ಸಿಗುದಿಲ್ಲ. ದಮ್ಮಯ್ಯ, ಹೇಳ್ಬೇಡಿ” ಎಂದು ಕೈ ಮುಗಿದಳು. ಅಷ್ಟರಲ್ಲಿ ಸುಮತಿ ಮೇಡಮ್ಮಿನ ಫೋನು ಬಂತು.

“ನರೇಶ, ರಾತ್ರಿ ನಿದ್ದೆ ಬಂತಾ?”

ನರೇಶ ದೀಪಿಕಾಳ ಮುಗಿದ ಕೈ ನೋಡಿದ. “ಬಂತು ಮೇಡಂ. ಹುಡುಗಿ ಭಾರೀ ಒಳ್ಳೇದು.”

“ಮಾವ ಗಲಾಟೆ ಮಾಡಿದ್ರಾ?”

“ಇಲ್ಲ ಮೇಡಂ. ಬೆಳಗಿನವರೆಗೂ ಮಲಗಿದ್ರು.”

“ಓಹೋ, ಒಳ್ಳೇದೇ ಆತಲ್ಲ! ರಾತ್ರಿ ಮಲಗದ ರೋಗಿ ಇರುವ ಮನೆಗೆ ಮಾತ್ರ ಈ ಸರ್ಕಾರದ ದುಡ್ಡು. ನಿಮ್ಮ ಸರದಿಯನ್ನ ಇನ್ನು ಬೇರೆಯವರಿಗೆ ಕೊಡ್ತೆ. ಬೇಜಾರಿಲ್ಲ ಅಲ್ದಾ?”

ನರೇಶ ಉತ್ತರಿಸಲು ಬಾಯಿ ತೆರೆದ. ಬಂದದ್ದು ಮಾತಲ್ಲ, ಕಿವಿಯವರೆಗೆ ಹರಿದ ಆಕಳಿಕೆ.

“ನೋಡಿ, ನಿದ್ದೆ ಇನ್ನೂ ನಿಮ್ಮನ್ನ ಬಿಡ್ಲೇ ಇಲ್ಲ!” ಎಂದು ಮೇಡಂ ನಕ್ಕು ಫೋನಿಟ್ಟರು.