ಸುರುಳಿಯೊಳಗಿನ ತಂತಿಯನ್ನು ಅಳೆಯಬಾರದೆಂಬ ಬಗ್ಗೆ

ಗಚ್ಚಿ ಮತ್ತು ನೀರಿನ ಟಾಕಿ ವಿಭಾಗ
ಕನ್ನಡಿಗರ ಗೃಹ ಸಹಕಾರ ಸಂಘ, ಬಿಬವೇವಾಡಿ, ಪುಣೆ

ಸಂಖ್ಯೆ: ಗಚ್ಚಿ/ತಂತಿ/ಸುರುಳಿ/11/1983-84
ದಿನಾಂಕ: 19ನೇ ಅಕ್ಟೋಬರ್ 1983

ಸುತ್ತೋಲೆ

ವಿಷಯ: ಗಚ್ಚಿಯ (ಅಂದರೆ ತಾರಸಿಯ) ಮೇಲಿನ ರೇಡಿಯೊ ತಂತಿಯಲ್ಲಿ ಸುತ್ತಿಟ್ಟ ಭಾಗವನ್ನು ಉದ್ದವೆಂದು ಎಣಿಸಬೇಕೇ ಎಂಬ ಬಗ್ಗೆ, ಹಾಗೂ ಹಿಂದಿನ ಸುತ್ತೋಲೆಯಲ್ಲಿ ಯಾವ ತಪ್ಪೂ ಇಲ್ಲದಿದ್ದರೂ ಅದನ್ನು ಹಿಂಪಡೆಯುವ ಬಗ್ಗೆ.

ಓದಲಾಗಿದೆ:
1) ಗಚ್ಚಿ ನಿಯಮ 9: ಯಾವ ಸದಸ್ಯರೂ ಗಚ್ಚಿಯ ಮೇಲೆ ನಲವತ್ತು ಅಡಿಗಿಂತ ಉದ್ದದ ಹಗ್ಗ ಅಥವಾ ತಂತಿ ಕಟ್ಟತಕ್ಕದ್ದಲ್ಲ. (ಬಟ್ಟೆ ಒಣಹಾಕುವ ಹಗ್ಗದ ಜಗಳದ ನಂತರ ಅಂಗೀಕೃತ.)
2) ಇದೇ ವಿಭಾಗದ ಹಿಂದಿನ ಸುತ್ತೋಲೆ: ‘ಸುತ್ತಿದ ತಂತಿಯೂ ತಂತಿಯೇ.’
3) ಕಾರ್ಯದರ್ಶಿಯವರ ತಾಯಿಯವರ ಮೌನ. (ಲಿಖಿತ ರೂಪದಲ್ಲಿ ಲಭ್ಯವಿಲ್ಲ.)

ಪ್ರಸ್ತಾವನೆ

1. ಸಂಘದ ನಾಲ್ಕನೆಯ ಮಾಳಿಗೆಯ ನಿವಾಸಿ ಶ್ರೀ ಶಿವರುದ್ರಪ್ಪ ಇವರು ಕಾತ್ರಜ ರಸ್ತೆಯಲ್ಲಿ ಪಂಪಸೆಟ್ಟಿನ ಅಂಗಡಿ ನಡೆಸುತ್ತಿದ್ದು, ಬಿಡುವಿನಲ್ಲಿ ಸರಕಾರದ ಲೈಸೆನ್ಸ್ ಪಡೆದು ಹವ್ಯಾಸಿ ರೇಡಿಯೊ ನಡೆಸುತ್ತಾರೆ. ಅಂದರೆ ಸಂಜೆ ಮನೆಯಲ್ಲಿ ಕುಳಿತು ಹುಬ್ಬಳ್ಳಿ, ವಿಜಾಪುರಗಳಲ್ಲಿರುವ, ಇಂಥದೇ ಗೀಳು ಹಿಡಿದ ಗೆಳೆಯರೊಡನೆ ಆಕಾಶಮಾರ್ಗವಾಗಿ ಮಾತಾಡುತ್ತಾರೆ. ಇದಕ್ಕೆ ಗಚ್ಚಿಯ ಮೇಲೆ ಸುಮಾರು ಅರವತ್ತಾರು ಅಡಿ ತಂತಿ ಬೇಕಾಗುತ್ತದೆ ಎಂದು ಅವರು ಅರ್ಜಿ ಸಲ್ಲಿಸಿದ್ದರು. ನಿಯಮ 9ರ ಪ್ರಕಾರ ಅರ್ಜಿಯನ್ನು ಸಂತೋಷದಿಂದ ತಿರಸ್ಕರಿಸಲಾಗಿತ್ತು.

2. ಆಗ ಸದರಿಯವರು ನಲವತ್ತು ಅಡಿ ತಂತಿಯನ್ನೇ ಕಟ್ಟಿ, ಅದರ ಎರಡೂ ತೋಳುಗಳ ನಟ್ಟನಡುವೆ ಒಂದೊಂದು ಪ್ಲಾಸ್ಟಿಕ್ ಕೊಳವೆಯ ತುಂಡು ಕೂಡಿಸಿ, ಅವುಗಳ ಮೇಲೆ ಮೋಟಾರು ಕಟ್ಟುವ ತಾಮ್ರದ ತಂತಿಯನ್ನು ಒತ್ತೊತ್ತಾಗಿ ಸುತ್ತಿದರು. ಹೀಗೆ ಸುರುಳಿ ಹಾಕಿದರೆ ಗಿಡ್ಡ ತಂತಿಯೂ ತಾನು ಉದ್ದವಿದ್ದೇನೆಂದು ನಂಬಿ ಕೆಲಸ ಮಾಡುತ್ತದಂತೆ. ತಂತಿ ನಂಬಿತು. ವಿಭಾಗ ನಂಬಲಿಲ್ಲ.

3. ಸಂಘದ ಕಾರ್ಯದರ್ಶಿ ಶ್ರೀ ಈರಬಸಪ್ಪ ಇವರು ಶಿವಾಜಿನಗರದ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಕೆಳಮಾಳಿಗೆಯ ತಮ್ಮ ಮನೆಗೆ ಸಿಟಿ ಬಸ್ಸಿನಲ್ಲಿ ಬಂದು, ಬೂಟು ಬಿಚ್ಚಿ, ಹಳೆಯ ವಾಲ್ವ್ ರೇಡಿಯೊದಲ್ಲಿ ಧಾರವಾಡದ ವಾರ್ತೆ ಕೇಳುವುದು ಅವರ ಏಕೈಕ ದುಶ್ಚಟ. ಆ ವಾರ್ತೆಯ ಮಧ್ಯೆ ನಾಲ್ಕನೆಯ ಮಾಳಿಗೆಯ ಧ್ವನಿ ನುಗ್ಗತೊಡಗಿತು. ಮುಖ್ಯಮಂತ್ರಿಗಳು ಉದ್ಘಾಟನೆ ಮಾಡಿ ಮಾತನಾಡುತ್ತಾ, “ಬದನಿಕಾಯಿ ಎಣಗಾಯಿ ಮಾಡ್ಯಾರ್ರಿ, ನಿಮ್ಮಲ್ಲಿ ಏನು? ಓವರ್” ಎಂದು ಹೇಳಿದಂತೆ ಕೇಳಿಸಿದ್ದನ್ನು ಕಾರ್ಯದರ್ಶಿಯವರು ಗಂಭೀರವಾಗಿ ಪರಿಗಣಿಸಿದರು.

4. ಮುಂದಿನ ರವಿವಾರ ಕಾರ್ಯದರ್ಶಿಯವರು ಅಳತೆಪಟ್ಟಿಯೊಂದಿಗೆ, ಸಂಘದ ವಾಚಮನ್ ಹುಲಿಗೆಪ್ಪನೊಂದಿಗೆ, ಗಚ್ಚಿಯ ಪರಿವೀಕ್ಷಣೆ ನಡೆಸಿದರು. ಸುರುಳಿಗಳನ್ನು ಬಿಚ್ಚಿ ಅಳೆಯಬೇಕೆಂದು ಆಜ್ಞಾಪಿಸಲಾಯಿತು. ಸದರಿ ವೇಳೆ ನಡೆದ ವಾದವನ್ನು ಯಥಾವತ್ತಾಗಿ ದಾಖಲಿಸಲಾಗಿದೆ.
ಶಿವರುದ್ರಪ್ಪ: “ಸುತ್ತಿದ್ದು ಉದ್ದ ಅಲ್ರಿ, ಈರಬಸಪ್ಪನವರ. ಅದು ಸುರುಳಿ ಅದ.”
ಕಾರ್ಯದರ್ಶಿ: “ಇಳಕಲ್ ಸೀರಿ ಮಡಚಿ ಪೆಟಗಿಯೊಳಗ ಇಟ್ರ ಅದರ ಉದ್ದ ಕಡಿಮಿ ಆಗ್ತದೇನ್ರಿ?”
ಶಿವರುದ್ರಪ್ಪ: “ಸೀರಿ ಮಾತಾಡಂಗಿಲ್ಲಲ್ರಿ.”
ಹುಲಿಗೆಪ್ಪ: “ಭಾಳ ಬಿಸಲು ಅದರೀ, ಇಬ್ಬರೂ ನೆಳ್ಳಿಗೆ ಬರ್ರಿ.”
ಬಿಚ್ಚಿ ಅಳೆಯಲಾಗಿ, ಒಂದೊಂದು ಸುರುಳಿಯೊಳಗೆ ಹದಿನಾರು ಅಡಿ ತಂತಿ ಅವಿತುಕೊಂಡಿರುವುದು ಪತ್ತೆಯಾಯಿತು. ಕಾರ್ಯದರ್ಶಿಯವರು ಆ ದಿನ ಎರಡು ರೊಟ್ಟಿ ಹೆಚ್ಚು ಉಂಡರು. ಸುತ್ತೋಲೆ ಹೊರಟಿತು. ತಂತಿ ಇಳಿಯಿತು. ಧಾರವಾಡದ ವಾರ್ತೆ ಹರಳು ಹರಳಾಗಿ ಕೇಳಿಸಿತು.

5. ಈ ಹಂತದಲ್ಲಿ ವಿಷಯ ಮುಗಿದಿದೆ ಎಂದು ವಿಭಾಗವು ಭಾವಿಸಿತ್ತು.

6. ಕಾರ್ಯದರ್ಶಿಯವರ ತಾಯಿ ಶ್ರೀಮತಿ ಅವ್ವಮ್ಮ ಇವರು ಎಂಬತ್ತರ ಆಸುಪಾಸಿನವರು. ಬಾಗಲಕೋಟೆಯ ಕಡೆಯಿಂದ ಮಗನ ಮನೆಗೆ ಬಂದ ಮೇಲೆ ಮರಾಠಿ ಕಲಿಯಲು ಒಪ್ಪದೆ, ಓಣಿಯವರೊಡನೆ ಕೈಸನ್ನೆಯಲ್ಲಿಯೇ ವ್ಯವಹರಿಸುತ್ತಿದ್ದರು. ತಂತಿ ಇಳಿದಂದಿನಿಂದ ಅವರು ಸಂಜೆ ರೇಡಿಯೊದ ಮುಂದೆ ಕುಳಿತು ಅದನ್ನೇ ನೋಡುವುದು, ತಾಟಿನಲ್ಲಿ ಅರ್ಧ ರೊಟ್ಟಿ ಬಿಡುವುದು, ಯಾರ ಮೇಲೂ ಸಿಟ್ಟು ಮಾಡದಿರುವುದು ಕಂಡುಬಂತು. ಕೊನೆಯದನ್ನು ಕಂಡು ಮನೆಯವರು ಹೆದರಿದರು.

7. ಕಾರ್ಯದರ್ಶಿಯವರ ಪತ್ನಿ ಶ್ರೀಮತಿ ಚನ್ನಬಸವ್ವ ಇವರನ್ನು ವಿಚಾರಿಸಲಾಗಿ, ಮಳೆಗಾಲದುದ್ದಕ್ಕೂ ನಡೆದು ಬಂದ, ಆದರೆ ವಿಭಾಗದ ಗಮನಕ್ಕೆ ಬಾರದ ಸಂಗತಿಯೊಂದು ಹೊರಬಿತ್ತು. ಕಾರ್ಯದರ್ಶಿಯವರು ಬಸ್ಸಿನಲ್ಲಿ ನೇತಾಡುತ್ತಾ ಬರುವ ಹೊತ್ತಿಗೆ ಶ್ರೀ ಶಿವರುದ್ರಪ್ಪನವರ ಮಾತು ಆ ರೇಡಿಯೊದಲ್ಲಿ ಹಾಯುತ್ತಿತ್ತು. ವಿಜಾಪುರದ ಗೆಳೆಯನ ಮಾತು ಹಾಯುತ್ತಿರಲಿಲ್ಲ. ಹೀಗಾಗಿ ಶಿವರುದ್ರಪ್ಪನವರು ಒಂದು ಪ್ರಶ್ನೆ ಕೇಳಿ “ಓವರ್” (ಅಂದರೆ ಇನ್ನು ನಿಮ್ಮ ಸರದಿ) ಎಂದ ಮೇಲೆ ಒಂದಿಷ್ಟು ಮೌನ ಇರುತ್ತಿತ್ತು. ಆ ಮೌನದಲ್ಲಿ ಅವ್ವಮ್ಮನವರು ಉತ್ತರ ಕೊಡುತ್ತಿದ್ದರು.
“ಇಲ್ಲೆ ಮಾಡ ಹಾಕೇದ್ರಿ, ನಿಮ್ಮಲ್ಲಿ ಹೆಂಗದ?” ಎಂದು ರೇಡಿಯೊ ಕೇಳಿದರೆ, “ಇಲ್ಲೂ ಹಾಕೇದಪಾ, ಆದ್ರ ಮಳಿ ಬರಂಗಿಲ್ಲ, ನನ್ನ ಮೊಣಕಾಲ ನೋಯಾಕತ್ತಿಲ್ಲ” ಎಂದು ಇವರು. ಅಷ್ಟರಲ್ಲಿ ವಿಜಾಪುರದವನ ಮಾತಿಗೆ ಶಿವರುದ್ರಪ್ಪನವರು, “ಹೌದ್ರಿ, ಹೌದ್ರಿ, ಖರೆ ಅದ ನಿಮ್ಮ ಮಾತು” ಎನ್ನುವರು. ಹೀಗೆ ಇಬ್ಬರಲ್ಲೂ ಒಮ್ಮೆಯೂ ಭಿನ್ನಾಭಿಪ್ರಾಯ ಬಂದಿರಲಿಲ್ಲ.

8. ಆ ಧ್ವನಿ ಅವರೊಡನೆ ಮಾತಾಡುತ್ತಿರಲಿಲ್ಲ ಎಂಬುದನ್ನು ಕಾರ್ಯದರ್ಶಿಯವರು ತಾಯಿಗೆ ತಿಳಿಸಲು ಯತ್ನಿಸಿದರು. ತಾಯಿಯವರ ಹೇಳಿಕೆ: “ನಿನಗೇನ ಗೊತ್ತು? ಆ ತಮ್ಮ ದಿನಾ ನನ್ನ ಕೇಳ್ತಿದ್ದ, ಊಟ ಆತೇನ್ರಿ, ಆರಾಮ ಅದೀರೇನ್ರಿ ಅಂತ. ನೀ ಬರ್ತಿ, ಬೂಟ ಬಿಚ್ತಿ, ವಾರ್ತಾ ಕೇಳ್ತಿ, ಮಲಗ್ತಿ. ನಾ ಏನರ ಅಂದ್ರ ಏನಂತಿ?”
ಇದಕ್ಕೆ ಕಾರ್ಯದರ್ಶಿಯವರ ಉತ್ತರ: “ಹೂಂ.”
ತಾಯಿಯವರು: “ಅದನ್ನ ಅಂತಿ.”
ಸದರಿ ಸಂದರ್ಭದಲ್ಲಿ ಕಾರ್ಯದರ್ಶಿಯವರ ಕಣ್ಣಿನಲ್ಲಿ ಕಸ ಬಿದ್ದಿತ್ತು. ಒಳಗೆ ಒಗ್ಗರಣೆ ನಡೆದಿತ್ತು. ಬೇರೆ ಕಾರಣವಿಲ್ಲ.

9. ಮರುದಿನ ಕಾರ್ಯದರ್ಶಿಯವರು ನಾಲ್ಕನೆಯ ಮಾಳಿಗೆಗೆ ಅಧಿಕೃತ ಭೇಟಿ ನೀಡಿದರು. ಕ್ಷಮೆ ಕೇಳಲು ಹೋಗಿದ್ದರೆಂಬುದು ಸತ್ಯಕ್ಕೆ ದೂರ. ಕೈಯಲ್ಲಿದ್ದ ಕರದಂಟಿನ ಪುಡಿಕೆ ಕಾಕತಾಳೀಯ. ಶ್ರೀ ಶಿವರುದ್ರಪ್ಪನವರು ಈ ನಡುವೆ ಹೊಸ ತಂತಿಯೊಂದನ್ನು ಸಿದ್ಧಪಡಿಸಿ, ಪರವಾನಗಿಯ ಹಾದಿ ಕಾಯುತ್ತಿದ್ದರು. ಇದರಲ್ಲಿ ಬರಿಯ ಸುರುಳಿಯ ಬದಲು ‘ಟ್ರಾಪ್’ ಎಂಬುದಿತ್ತು: ಸುರುಳಿಗೆ ಒಂದು ಕಂಡೆನ್ಸರ್ ಜೋಡಿಸಿ, ಕೊಳವೆಯೊಳಗೆ ಕೂಡಿಸಿ, ಮೇಣ ಹಾಕಿ ಮುಚ್ಚಿದ್ದು. ಸಣ್ಣ ಅಲೆ ಬಂದರೆ ಟ್ರಾಪ್ ಅಲ್ಲಿಯೇ ತಡೆಯುತ್ತದೆ, ದೊಡ್ಡ ಅಲೆಯನ್ನು ತುದಿಯವರೆಗೆ ಬಿಡುತ್ತದೆ. ಹೀಗೆ ಒಂದೇ ತಂತಿ ಎರಡು ತಂತಿಯ ಕೆಲಸ ಮಾಡುತ್ತದೆ. ಸಂಘದ ವಾಚಮನ್ನನೂ ಹೀಗೆಯೇ ಮಾಡಬೇಕೆಂಬುದು ನಿರೀಕ್ಷೆ.
“ಮತ್ತ ಇನ್ನೊಂದ್ರಿ,” ಎಂದರು ಶಿವರುದ್ರಪ್ಪ ಹೆಮ್ಮೆಯಿಂದ. “ನಿಮಗ ತ್ರಾಸ ಆಗಬಾರದಂತ ಸೆಟ್ಟಿಗೆ ಫಿಲ್ಟರ್ ಹಾಕೀನಿ. ಇನ್ನ ನಿಮ್ಮ ರೇಡಿಯೊದಾಗ ನನ್ನ ಧ್ವನಿ ಒಂದಕ್ಷರ ಬರಂಗಿಲ್ಲ.”
ಕಾರ್ಯದರ್ಶಿಯವರು ಅಲ್ಲಿಯೇ ಕುಳಿತುಬಿಟ್ಟರು. “ಸ್ವಲ್ಪರೆ ಬರೂದು ಬ್ಯಾಡೇನ್ರಿ?” ಎಂದರು.
“ಅದು ತಪ್ಪರಿ. ಲೈಸೆನ್ಸ್ ಹೋಗ್ತದ.”
“ವಾರ್ತಾಕ್ಕಿಂತ ಮೊದಲ? ಒಂದೀಟ?”
ಶಿವರುದ್ರಪ್ಪನವರು ಸಂಗತಿ ಕೇಳಿ ತಿಳಿದುಕೊಂಡು, ಬಹಳ ಹೊತ್ತು ನಕ್ಕು, ಆಮೇಲೆ ನಗು ನಿಲ್ಲಿಸಿ, ಕನ್ನಡಕ ಒರೆಸಿಕೊಂಡು ಹೇಳಿದ್ದು: “ಕೆಳಗ ಬರಾಕ ನನ್ನ ಧ್ವನಿಗೆ ಪರವಾನಗಿ ಇಲ್ಲ. ಮ್ಯಾಲೆ ಬರಾಕ ಅವ್ವಾರಿಗೇನು ಅಡ್ಡಿ?”

10. ತದನಂತರ ಅವ್ವಮ್ಮನವರನ್ನು ಕಟ್ಟಿಗೆ ಕುರ್ಚಿಯಲ್ಲಿ ಕೂಡಿಸಿ, ಕಾರ್ಯದರ್ಶಿ ಮತ್ತು ಹುಲಿಗೆಪ್ಪ ಇವರು ಹೊತ್ತು ಮೇಲೆ ತಂದರು. ಜಿನೆಯ ಮೆಟ್ಟಿಲುಗಳ ತಿರುವುಗಳಲ್ಲಿ ನೀಡಲಾದ ಸೂಚನೆಗಳೆಲ್ಲ ಕುರ್ಚಿಯಿಂದ ಬಂದವು. ಶಿವರುದ್ರಪ್ಪನವರನ್ನು ಕಂಡ ಕೂಡಲೇ ಅವರು, “ರೇಡಿಯೊದಾಗ ದಪ್ಪ ಇದ್ದಿ” ಎಂದರು. ಅದೇ ಹೊತ್ತಿಗೆ ತಂತಿಯನ್ನು ತಾತ್ಕಾಲಿಕವಾಗಿ ಏರಿಸಲಾಗಿತ್ತು. ಸೆಟ್ಟು ಬಿಸಿಯಾಯಿತು. ಶಿವರುದ್ರಪ್ಪನವರು ಎಂದಿನಂತೆ ಆರಾಮ ವಿಚಾರಿಸಿ “ಓವರ್” ಎಂದರು. ಅವ್ವಮ್ಮನವರು ಉತ್ತರಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ವಿಜಾಪುರದವನ ಧ್ವನಿ ಬಂದಿತು. ಅದನ್ನು ಅವರು ಕೇಳಿದ್ದು ಅದೇ ಮೊದಲು. ಅವನು ಮುಗಿಸುವವರೆಗೆ ತಡೆದುಕೊಂಡು, ಶಿವರುದ್ರಪ್ಪನವರು ಮತ್ತೆ ಸ್ವಿಚ್ ಒತ್ತುತ್ತಲೇ ಅವ್ವಮ್ಮನವರು ಕೇಳಿದರು: “ನಾವಿಬ್ಬರೂ ಮಾತಾಡೂಮುಂದ ನಡಬರಕ ಇವನ್ಯಾಂವ?”
ಸ್ವಿಚ್ ಒತ್ತಿದ್ದರಿಂದ ಮಾತು ವಿಜಾಪುರ ಮುಟ್ಟಿತು. ಶಿವರುದ್ರಪ್ಪನವರು ಗಡಬಡಿಸಿ ಸ್ವಿಚ್ ಬಿಟ್ಟರು. ಕಡೆಗೆ ಗರಗರ ಸದ್ದಿನ ನಡುವಿನಿಂದ ಉತ್ತರ ಬಂತು: “ತಪ್ಪಾತರಿ ಯವ್ವಾ. ನೀವು ಮೊದಲ ಮುಗಸ್ರಿ, ನಾ ಆಮ್ಯಾಲೆ ಬರ್ತೀನಿ.”
ಲೈಸೆನ್ಸ್ ಇಲ್ಲದವರು ಆಕಾಶದಲ್ಲಿ ಮಾತಾಡುವುದು ನಿಷಿದ್ಧವಾಗಿರುವುದರಿಂದ, ಅವ್ವಮ್ಮನವರ ಧ್ವನಿಯನ್ನು ನೀರಿನ ಟಾಕಿ ತುಂಬುವ ಸದ್ದು ಎಂದು ದಾಖಲಿಸಲಾಗಿದೆ. ಆ ದಿನ ಅವರು ಪೂರ್ತಿ ರೊಟ್ಟಿ ಉಂಡದ್ದನ್ನು ಹಾಗೆಯೇ ದಾಖಲಿಸಲಾಗಿದೆ.

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡಂತೆ ಆದೇಶಿಸಲಾಗಿದೆ.

ಆದೇಶ

(ಅ) ಹಿಂದಿನ ಸುತ್ತೋಲೆಯನ್ನು ಹಿಂಪಡೆಯಲಾಗಿದೆ. ಸುರುಳಿಯೊಳಗಿನ ತಂತಿಯು ಸುತ್ತಿಕೊಂಡಿರುವವರೆಗೆ ತಂತಿಯಲ್ಲ. ಬಿಚ್ಚಿದ ಕ್ಷಣದಿಂದ ತಂತಿ. ಅರ್ಧ ಬಿಚ್ಚಿದಾಗ ಅದರ ಸ್ಥಾನಮಾನವನ್ನು ಸರ್ವಸಾಧಾರಣ ಸಭೆಯು ನಿರ್ಧರಿಸತಕ್ಕದ್ದು.

(ಆ) ಈ ಸೌಲಭ್ಯವು ಬಟ್ಟೆ ಒಣಹಾಕುವ ಹಗ್ಗಕ್ಕೆ ಅನ್ವಯಿಸುವುದಿಲ್ಲ. ಎರಡನೆಯ ಮಾಳಿಗೆಯ ಸದಸ್ಯರೊಬ್ಬರು ಹಗ್ಗವನ್ನು ಬಕೆಟ್ಟಿಗೆ ಸುತ್ತಿ, ಅದರ ಮೇಲೆ ಧೋತರ ಹರವಿ, ಇದೂ ಸುರುಳಿಯೇ ಎಂದು ವಾದಿಸಿರುವುದು ಗಮನಕ್ಕೆ ಬಂದಿದೆ. ಧೋತರ ಯಾವ ಊರನ್ನೂ ಮುಟ್ಟುವುದಿಲ್ಲವಾದ್ದರಿಂದ ವಾದವನ್ನು ತಳ್ಳಿಹಾಕಲಾಗಿದೆ.

(ಇ) ‘ಟ್ರಾಪ್’ ಎಂಬುದು ಇಲಿಬೋನು ಅಲ್ಲ. ಅದರೊಳಗೆ ರೊಟ್ಟಿಚೂರು ತುರುಕುವುದನ್ನು, ಬೆಳಿಗ್ಗೆ ಹೋಗಿ ಏನು ಬಿದ್ದಿದೆಯೆಂದು ಕಿವಿಯಿಟ್ಟು ಕೇಳುವುದನ್ನು ವಾಚಮನ್ ಹುಲಿಗೆಪ್ಪ ಕೂಡಲೇ ನಿಲ್ಲಿಸತಕ್ಕದ್ದು.

(ಈ) ತಮ್ಮ ರೇಡಿಯೊದಲ್ಲಿ ಈಗ ಯಾರ ಧ್ವನಿಯೂ ಬರುತ್ತಿಲ್ಲ ಎಂಬ ದೂರನ್ನು ಎಪ್ಪತ್ತು ದಾಟಿದವರಿಂದ ಮಾತ್ರ ಸ್ವೀಕರಿಸಲಾಗುವುದು. ಅರ್ಜಿ ಬೇಕಿಲ್ಲ, ಸುಮ್ಮನೆ ಕುಳಿತಿದ್ದರೆ ಸಾಕು, ವಿಭಾಗವೇ ಗಮನಿಸುವುದು.

(ಉ) ಶ್ರೀಮತಿ ಅವ್ವಮ್ಮನವರಿಗೆ ನಾಲ್ಕನೆಯ ಮಾಳಿಗೆಯಲ್ಲಿ ಕೇಳುಗರ ಸ್ಥಾನ ಮಂಜೂರು ಮಾಡಲಾಗಿದೆ. ಗೋಣು ಹಾಕುವುದು, ಮೂಗು ಮುರಿಯುವುದು, ವಿಜಾಪುರದವನ ಬಗ್ಗೆ ಕೈಸನ್ನೆ ಮಾಡುವುದು ಪ್ರಸಾರವೆನಿಸುವುದಿಲ್ಲ. ಸ್ವಿಚ್ ಒತ್ತಿರುವಷ್ಟು ಹೊತ್ತು ಅವರ ಬಾಯಲ್ಲಿ ಎಲೆಅಡಿಕೆ ಇರತಕ್ಕದ್ದು. ಇದರ ಪೂರೈಕೆ ಕಾರ್ಯದರ್ಶಿಯವರದು.

(ಊ) ಶ್ರೀ ಶಿವರುದ್ರಪ್ಪನವರು ಪಂಪು ದುರಸ್ತಿಗೆಂದು ಸಾತಾರಾ ಕಡೆ ಹೋದ ದಿನಗಳಲ್ಲಿ, ಅಥವಾ ಆಕಾಶದ ಸ್ಥಿತಿ ಚೆನ್ನಾಗಿಲ್ಲದ ದಿನಗಳಲ್ಲಿ, ಕಾರ್ಯದರ್ಶಿಯವರು ತಾಯಿಯ ಎದುರಿಗೆ ಖುದ್ದು ಕುಳಿತು ಮಾತಾಡತಕ್ಕದ್ದು. ಇದಕ್ಕೆ ತಂತಿ ಬೇಕಿಲ್ಲ. ನಿನ್ನೆ ಇದರ ಪ್ರಥಮ ಪ್ರಯೋಗ ನಡೆಯಿತು. ಕಾರ್ಯದರ್ಶಿಯವರು ಏನು ಮಾತಾಡಬೇಕೆಂದು ತೋಚದೆ, ಮೊದಲು ಗಚ್ಚಿಯ ನಿಯಮಗಳನ್ನು ಹೇಳಿದರು. ಅನಂತರ ಶಿವಾಜಿನಗರದ ಬಸ್ಸಿನಲ್ಲಿ ಒಬ್ಬಾಕೆ ಕೋಳಿಯನ್ನು ಸೆರಗಿನೊಳಗೆ ಮುಚ್ಚಿ ತಂದದ್ದು, ಕಂಡಕ್ಟರ್ ಟಿಕೆಟ್ ಕೇಳಿದಾಗ ಕೋಳಿಯೇ ಉತ್ತರ ಕೊಟ್ಟದ್ದು ನೆನಪಾಗಿ ಅದನ್ನು ಹೇಳಿದರು. ತಾಯಿಯವರು ಕೆಮ್ಮು ಬರುವಷ್ಟು ನಕ್ಕರು. “ಇಷ್ಟ ದಿನ ಇದನ್ನೆಲ್ಲಾ ಎಲ್ಲಿ ಇಟ್ಟಿದ್ದಿ?” ಎಂದು ಕೇಳಿದರು. ಸದರಿ ಪ್ರಶ್ನೆಗೆ ಉತ್ತರವು ಪರಿಶೀಲನೆಯಲ್ಲಿದೆ. ಧಾರವಾಡದ ವಾರ್ತೆ ತಪ್ಪಿಹೋಯಿತು.

(ಋ) ಮೇಲೆ ಉಲ್ಲೇಖಿಸಿದ ಕಾರ್ಯದರ್ಶಿಯವರೂ ಕೆಳಗೆ ಸಹಿ ಮಾಡಿದವರೂ ಒಬ್ಬರೇ ಆಗಿದ್ದರೂ, ಇಬ್ಬರಿಗೂ ಕಚೇರಿಯ ವೇಳೆಯಲ್ಲಿ ಪರಸ್ಪರ ಪರಿಚಯವಿಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

ಸಹಿ/-
(ಈರಬಸಪ್ಪ)
ಕಾರ್ಯದರ್ಶಿ, ಗಚ್ಚಿ ಮತ್ತು ನೀರಿನ ಟಾಕಿ ವಿಭಾಗ

ಪ್ರತಿಗಳು:
1) ಶ್ರೀ ಶಿವರುದ್ರಪ್ಪ, ನಾಲ್ಕನೆಯ ಮಾಳಿಗೆ: ತಂತಿ ಕಾಯಂ ಆಗಿ ಏರಿಸಲು. ಅಳೆಯಲು ಯಾರೂ ಬರುವುದಿಲ್ಲ.
2) ವಾಚಮನ್ ಹುಲಿಗೆಪ್ಪ: ಕುರ್ಚಿಯ ಹಿಂಭಾಗ ಹೊರಲು.
3) ಎರಡನೆಯ ಮಾಳಿಗೆಯ ಸದಸ್ಯರು: ಬಕೆಟ್ ಸಮೇತ.
4) ವಿಜಾಪುರದ ಗೆಳೆಯರು: ಆಕಾಶಮಾರ್ಗವಾಗಿ.
5) ನೋಟೀಸ ಬೋರ್ಡು: ಮಳೆ ಬಿದ್ದು ಅಕ್ಷರ ಅಳಿಸುವವರೆಗೆ.
6) ಶ್ರೀಮತಿ ಚನ್ನಬಸವ್ವ, ಕಾರ್ಯದರ್ಶಿಯವರ ಮನೆ: ಕೋಳಿಯ ಸಂಗತಿಯನ್ನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದು ವಿಭಾಗದ ಗಮನಕ್ಕೆ ಬಂದಿದೆ. ಇಂದಿನಿಂದ ಹೊರಗೆ ಬಂದು ಕೂಡಲು ಕೋರಲಾಗಿದೆ.